ಇ. ಕೋಲಿಗೆ ಒಂದೇ ಕ್ವಿನೋನ್ ಯಾಕೆ ಸಾಲದು?

ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿ ಯುಬಿಕ್ವಿನೋನ್, ಮೆನಾಕ್ವಿನೋನ್ ಎಂಬ ಎರಡು ಬಗೆಯ ಕ್ವಿನೋನ್‌ಗಳನ್ನೂ ಯಾಕೆ ತಯಾರಿಸುತ್ತದೆ, ಒಂದು ಸಾಲದಾ ಅಂತ ಕೇಳಿದ್ದೀರಿ. ಅದಕ್ಕೆ ಸಾಲದು. ಮೈಕ್ರೋಬಯಾಲಜಿ ಪಾಠ ಮಾಡುವಾಗ ನಾನು ರಚನೆಯ ಚಿತ್ರಕ್ಕಿಂತ ಮೊದಲು ವೋಲ್ಟೇಜ್ ಬರೆಯುತ್ತೇನೆ, ಉತ್ತರ ಅಲ್ಲೇ ಇದೆ.

ಕ್ವಿನೋನ್ ಅಂದರೆ ಉಸಿರಾಟದಲ್ಲಿ ಎಲೆಕ್ಟ್ರಾನ್ ಸಾಗಿಸುವ ಅಣು, ಇರುವುದು ಜೀವಕೋಶದ ಪೊರೆಯೊಳಗೆ. ಇ. ಕೋಲಿಯಲ್ಲಿ ಅದಕ್ಕೆ 40 ಕಾರ್ಬನ್‌ಗಳ ಉದ್ದನೆಯ ಬಾಲ. ತಲೆಯ ಕಡೆಯ ಉಂಗುರ ಎರಡು ಎಲೆಕ್ಟ್ರಾನ್, ಎರಡು ಪ್ರೋಟಾನ್ ಹಿಡಿದು ಕ್ವಿನಾಲ್ ಆಗುತ್ತದೆ. ಆಮೇಲೆ ಅವನ್ನು ಮುಂದಿನ ಕಿಣ್ವಕ್ಕೆ ದಾಟಿಸುತ್ತದೆ.

ಎಲೆಕ್ಟ್ರಾನನ್ನು ಎಷ್ಟು ಬಲವಾಗಿ ಎಳೆದುಕೊಳ್ಳುತ್ತದೆ ಎಂಬುದನ್ನು ವೋಲ್ಟೇಜಿನಲ್ಲಿ ಅಳೆಯುತ್ತಾರೆ. ಯುಬಿಕ್ವಿನೋನ್‌ನದು ಸುಮಾರು +110 ಮಿಲಿವೋಲ್ಟ್, ಮೆನಾಕ್ವಿನೋನ್‌ನದು ಸುಮಾರು -75. ಎಲೆಕ್ಟ್ರಾನ್ ತಾನಾಗಿ ಹರಿಯುವುದು ಕಡಿಮೆ ಅಂಕಿಯಿಂದ ಹೆಚ್ಚಿನ ಅಂಕಿಗೆ, ಅದರ ಪಾಲಿಗೆ ಅದೇ ಇಳಿಜಾರು. ಗಾಳಿ ಇಲ್ಲದಾಗ ಇ. ಕೋಲಿ ಆಮ್ಲಜನಕದ ಬದಲು ಫ್ಯೂಮರೇಟ್ ಎಂಬ ಅಣುವಿಗೆ ಎಲೆಕ್ಟ್ರಾನ್ ಕೊಟ್ಟು ಉಸಿರಾಡಬಲ್ಲದು. ಆದರೆ ಫ್ಯೂಮರೇಟ್ ಇರುವುದು +30ರ ಹತ್ತಿರ. ಮೆನಾಕ್ವಿನೋನ್‌ನಿಂದ ಅಲ್ಲಿಗೆ ಇಳಿಜಾರು, ಯುಬಿಕ್ವಿನೋನ್‌ನಿಂದ ಏರು.

ಹಾಗಾದರೆ ಮೆನಾಕ್ವಿನೋನ್ ಒಂದೇ ಸಾಕಲ್ವಾ? ಆಮ್ಲಜನಕ +820ರಲ್ಲಿದೆ, ಅಲ್ಲಿಗೂ ಇಳಿಜಾರೇ. ತೊಂದರೆ ಏನೆಂದರೆ, ಮೆನಾಕ್ವಿನಾಲ್ ಕಿಣ್ವಕ್ಕೆ ಕಾಯದೆ ಸೀದಾ ಆಮ್ಲಜನಕಕ್ಕೆ ಎಲೆಕ್ಟ್ರಾನ್ ಕೊಟ್ಟುಬಿಡುತ್ತದೆ. ಆಗ ಜೀವಕೋಶಕ್ಕೆ ಹಾನಿ ಮಾಡುವ ಸೂಪರಾಕ್ಸೈಡ್ ಹುಟ್ಟುತ್ತದೆ, ಶಕ್ತಿಯೂ ಸುಮ್ನೆ ಪೋಲಾಗುತ್ತದೆ. ಹಾಗಾಗಿ ಗಾಳಿ ಇದ್ದಾಗ ಯುಬಿಕ್ವಿನೋನ್ ಜಾಸ್ತಿ, ಇಲ್ಲದಾಗ ಮೆನಾಕ್ವಿನೋನ್ ಜಾಸ್ತಿ. ಹಾಗಂತ ಇದು ಎಲ್ಲ ಬ್ಯಾಕ್ಟೀರಿಯಾಗಳಿಗೂ ಅನ್ವಯಿಸುವ ಕಟ್ಟುಪಾಡಲ್ಲ. ಬ್ಯಾಸಿಲಸ್ ಸಬ್ಟಿಲಿಸ್ ಗಾಳಿಯಲ್ಲೂ ಬರೀ ಮೆನಾಕ್ವಿನೋನ್‌ನಲ್ಲೇ ಬದುಕುತ್ತದೆ. ಅದರಿಂದ ಸೋಯಾ ಹುದುಗಿಸಿ ಮಾಡುವ ಜಪಾನಿನ ನಾಟ್ಟೋದಲ್ಲಿ ವಿಟಮಿನ್ ಕೆ2 ಅಷ್ಟೊಂದು ಇರುವುದು ಅದರಿಂದಲೇ, ಮೆನಾಕ್ವಿನೋನ್ ಅಂದರೆ ಅದೇ ವಿಟಮಿನ್.

ಇನ್ನು ತಯಾರಿಕೆ. ಇ. ಕೋಲಿಯಲ್ಲಿ ಎರಡೂ ಶುರುವಾಗುವುದು ಕೋರಿಸ್ಮೇಟ್ ಎಂಬ ಒಂದೇ ಅಣುವಿನಿಂದ. ಯುಬಿಸಿ ಕಿಣ್ವ ಅದರಿಂದ ಪೈರುವೇಟನ್ನು ಕಿತ್ತರೆ ಯುಬಿಕ್ವಿನೋನ್ ದಾರಿ, ಮೆನ್‌ಎಫ್ ಅದನ್ನು ಐಸೊಕೋರಿಸ್ಮೇಟ್ ಮಾಡಿದರೆ ಮೆನಾಕ್ವಿನೋನ್ ದಾರಿ. ಬಾಲ ಜೋಡಿಸುವ ಕಿಣ್ವಗಳೂ ಬೇರೆ ಬೇರೆ. ಆದರೆ ಯುಬಿಇ ಎಂಬ ಕಿಣ್ವ ಮಾತ್ರ ಎರಡೂ ಕಡೆ ದುಡಿಯುತ್ತದೆ, ಎರಡಕ್ಕೂ ಮೀಥೈಲ್ ಎಂಬ ಒಂದು ಕಾರ್ಬನ್ನಿನ ಗುಂಪು ಸೇರಿಸುತ್ತದೆ. ಅದು ಕೆಟ್ಟರೆ ಎರಡೂ ಕ್ವಿನೋನ್ ನಿಲ್ಲುತ್ತವೆ, ಮೀಥೈಲ್ ಸೇರದ ಡಿಮೀಥೈಲ್‌ಮೆನಾಕ್ವಿನೋನ್ ಮಾತ್ರ ಉಳಿಯುತ್ತದೆ.

ನನಗೆ ಇಷ್ಟವಾದ ಭಾಗ ಮುಂದಿನದು. ಯುಬಿಕ್ವಿನೋನ್‌ನ ಉಂಗುರಕ್ಕೆ ಮೂರು ಕಡೆ ಆಮ್ಲಜನಕದ ಪರಮಾಣು ಸೇರಿಸಬೇಕು, ಮಾಮೂಲಿ ದಾರಿಯಲ್ಲಿ ಅದು ಗಾಳಿಯ ಆಮ್ಲಜನಕದಿಂದಲೇ ಬರುತ್ತದೆ. ಆದರೂ ಗಾಳಿ ಇಲ್ಲದೆ ಬೆಳೆಸಿದ ಇ. ಕೋಲಿಯಲ್ಲೂ ಯುಬಿಕ್ವಿನೋನ್ ಸಿಗುತ್ತಿತ್ತು! 2019ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರ ತಂಡ ಇದನ್ನು ಬಿಡಿಸಿತು. ಯುಬಿಟಿ, ಯುಬಿಯು, ಯುಬಿವಿ ಎಂಬ ಮೂರು ಪ್ರೋಟೀನ್‌ಗಳಿಂದ ನಡೆಯುವ, ಗಾಳಿ ಬೇಡದ ಇನ್ನೊಂದು ದಾರಿ ಇದೆ.

ಗಾಳಿ ಇದೆಯೋ ಇಲ್ಲವೋ ಎಂಬ ಸುದ್ದಿಯನ್ನೂ ಕ್ವಿನೋನ್‌ಗಳೇ ಮುಟ್ಟಿಸುತ್ತವೆ. ಆರ್ಕ್‌ಬಿ ಎಂಬ ಪ್ರೋಟೀನ್ ಪೊರೆಯಲ್ಲಿ ಕೂತು ಅವುಗಳ ಸ್ಥಿತಿಯನ್ನು ನೋಡುತ್ತಿರುತ್ತದೆ. ಎಲೆಕ್ಟ್ರಾನ್ ಖಾಲಿಯಾದ ಯುಬಿಕ್ವಿನೋನ್ ಜಾಸ್ತಿ ಇದ್ದರೆ ಅದು ಸುಮ್ಮನಿರುತ್ತದೆ. ಇಲ್ಲದಿದ್ದರೆ ಆರ್ಕ್‌ಎ ಎಂಬ ಇನ್ನೊಂದು ಪ್ರೋಟೀನನ್ನು ಎಬ್ಬಿಸಿ, ಗಾಳಿಯಲ್ಲಿ ಬೇಕಾಗುವ ಎಷ್ಟೋ ಜೀನ್‌ಗಳನ್ನು ತಗ್ಗಿಸುತ್ತದೆ.

ನೀವು ಔಷಧಿ ಕಡೆಯಿಂದ ಓದುತ್ತಿದ್ದರೆ ಹೊಟ್ಟೆ ಹುಣ್ಣು ತರುವ ಬ್ಯಾಕ್ಟೀರಿಯಾ ಹೆಲಿಕೋಬ್ಯಾಕ್ಟರ್ ಪೈಲೋರಿಯನ್ನೂ ನೋಡಿ. ಅದು ಮೆನಾಕ್ವಿನೋನ್ ಮಾಡುವುದು ಫ್ಯುಟಲೋಸಿನ್ ಎಂಬ ಬೇರೆಯೇ ದಾರಿಯಲ್ಲಿ. ಈ ದಾರಿ ಬೆಳಕಿಗೆ ಬಂದದ್ದು 2008ರಲ್ಲಿ. ನಮ್ಮ ದೇಹದಲ್ಲಿ ಈ ದಾರಿ ಇಲ್ಲ, ಕರುಳಿನ ಲ್ಯಾಕ್ಟೋಬ್ಯಾಸಿಲಸ್‌ಗಳಲ್ಲೂ ಇಲ್ಲ. ಅದಕ್ಕೇ ಹೊಟ್ಟೆ ಹುಣ್ಣಿನ ಔಷಧಿ ಹುಡುಕುವವರ ಕಣ್ಣು ಅದರ ಮೇಲಿದೆ.