ಅಪ್ಪನ ಕ್ಯಾಸೆಟ್‌ಗಳಿಗೆ ಎಂಥ ಹಾರ್ಡ್ ಡಿಸ್ಕ್?

ಪ್ರಶ್ನೆ: ಮೇಡಂ, ಅಪ್ಪ ತೆಗೆದಿದ್ದ 40 ಮಿನಿ ಡಿವಿ ಕ್ಯಾಸೆಟ್‌ಗಳಿವೆ. ಒಂದೊಂದೂ ಒಂದು ಗಂಟೆಯದ್ದು. ಅದರ ಜೊತೆ ನಾನೇ ತೆಗೆದ 4ಕೆ ವಿಡಿಯೋ 20 ಗಂಟೆಯಷ್ಟಿದೆ. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಕೊಂಡು ಎಡಿಟ್ ಮಾಡಬೇಕು. ಒಬ್ಬ ಗೆಳೆಯ ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕ್) ತಗೋ ಅಂತಾನೆ, ಇನ್ನೊಬ್ಬ 8 ಟಿಬಿಯ ಒಂದೇ ದೊಡ್ಡ ಡಿಸ್ಕ್ ಸಾಕು ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಜಾಗದ ಲೆಕ್ಕ ಹಾಕೋಣ. ಡಿವಿ ಟೇಪಿನಿಂದ ಸೆಕೆಂಡಿಗೆ ಸುಮಾರು 3.6 ಎಂಬಿ ಬರುತ್ತದೆ. ಅಂದ್ರೆ ಗಂಟೆಗೆ 13 ಜಿಬಿ, 40 ಕ್ಯಾಸೆಟ್‌ಗೆ 520 ಜಿಬಿ. ನಿಮ್ಮ 4ಕೆ ವಿಡಿಯೋ ಸೆಕೆಂಡಿಗೆ 100 ಮೆಗಾಬಿಟ್‌ನದ್ದಾದರೆ (ಅಂದ್ರೆ 12.5 ಎಂಬಿ) ಗಂಟೆಗೆ 45 ಜಿಬಿ, ಒಟ್ಟು 900 ಜಿಬಿ. ಎರಡೂ ಸೇರಿ ಒಂದೂವರೆ ಟಿಬಿಯ ಹತ್ತಿರ.

ಸೆಕೆಂಡಿಗೆ 3.6 ಎಂಬಿ ಬರೆಯೋದು ಈಗಿನ ಯಾವ ಡಿಸ್ಕಿಗೂ ಕಷ್ಟವಲ್ಲ. ಕಷ್ಟ ಇರೋದು ಬೇರೆ ಕಡೆ. ಓಡುತ್ತಿರುವ ಟೇಪ್ ಯಾರಿಗೂ ಕಾಯುವುದಿಲ್ಲ. ಡಿಸ್ಕ್ ಸ್ವಲ್ಪ ಹೊತ್ತು ಬೇರೆ ಕೆಲಸಕ್ಕೆ ತಿರುಗಿದರೆ ಅಷ್ಟು ಫ್ರೇಮ್ ಬಿಟ್ಟುಹೋಗುತ್ತದೆ. ನನ್ನ ಅಜ್ಜಿ ಮಾತಾಡಿದ್ದ ಟೇಪನ್ನು ಮೊದಲ ಸಲ ವಿಂಡೋಸ್ ಇದ್ದ ಡಿಸ್ಕಿಗೇ ತುಂಬಿಸಿದ್ದೆ. ಡಿಸ್ಕ್ ಆಗಲೇ ಮುಕ್ಕಾಲು ಭರ್ತಿಯಾಗಿತ್ತು. ನಡುವೆ ವೈರಸ್ ಸ್ಕ್ಯಾನ್ ತಾನಾಗಿಯೇ ಶುರುವಾಯಿತು. ಸ್ಕ್ರೀನ್ ಮೇಲೆ ಡ್ರಾಪ್ಡ್ ಫ್ರೇಮ್ಸ್ ಅಂಕಿ ಸೊನ್ನೆಯಿಂದ 37ಕ್ಕೆ ಏರಿತು. ಸೆಕೆಂಡಿಗೆ 25 ಫ್ರೇಮಿನ ಟೇಪ್ ಅದು, ಒಂದೂವರೆ ಸೆಕೆಂಡ್ ಹೋಯಿತು. ಹಾಕಿ ನೋಡಿದರೆ ಅಜ್ಜಿ ನನ್ನ ಹೆಸರು ಹಿಡಿದು ಕರೆಯುವ ಜಾಗದಲ್ಲೇ ಮಾತು ತುಂಡಾಗಿತ್ತು. ಟೇಪ್ ಚೆನ್ನಾಗಿತ್ತು, ಮತ್ತೊಮ್ಮೆ ಓಡಿಸಿ ತೆಗೆದುಕೊಂಡೆ. ನಿಮ್ಮ ಅಪ್ಪನ ಹಳೇ ಕ್ಯಾಸೆಟ್‌ಗಳು ಎಷ್ಟು ಸಲ ಓಡಿಸಿಕೊಳ್ಳುತ್ತವೋ ಹೇಳೋಕಾಗಲ್ಲ. ಅದಕ್ಕೇ ಮೊದಲ ಸಲವೇ ಸರಿಯಾಗಿ ಇಳಿಸಿಕೊಳ್ಳಿ.

ಹಾಗಾಗಿ ವಿಡಿಯೋಗೆ ಅಂತಲೇ ಬೇರೆ ಡಿಸ್ಕ್ ಇರಲಿ. ನನ್ನ ಸಲಹೆ: ಕೆಲಸ ಮಾಡಲು 1 ಟಿಬಿಯ ಎಸ್‌ಎಸ್‌ಡಿ ಒಂದು, ಇಟ್ಟುಕೊಳ್ಳಲು 4 ಟಿಬಿಯ ಮಾಮೂಲಿ ಹಾರ್ಡ್ ಡಿಸ್ಕ್ ಎರಡು. ಐದಾರು ಕ್ಯಾಸೆಟ್ ಎಸ್‌ಎಸ್‌ಡಿಗೆ ಇಳಿಸಿ, ನೋಡಿ, ಎರಡೂ ಡಿಸ್ಕಿಗೆ ಕಾಪಿ ಮಾಡಿ. ಆಮೇಲೆ ಮುಂದಿನ ಐದಾರು. 8 ಟಿಬಿಯ ಒಂದೇ ಡಿಸ್ಕ್ ಬೇಡ. ಅದು ಕೆಟ್ಟ ದಿನ ಎಲ್ಲವೂ ಒಟ್ಟಿಗೆ ಹೋಗುತ್ತದೆ, ಅಲ್ವಾ?

ಎಡಿಟಿಂಗ್‌ಗೆ ಎಸ್‌ಎಸ್‌ಡಿ ಯಾಕೆ ಅಂತ ಹೇಳ್ತೀನಿ. ಟೈಮ್‌ಲೈನ್‌ನಲ್ಲಿ ನೀವು ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹಾರುತ್ತಾ ಇರುತ್ತೀರಿ. ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಸಲವೂ ಡೇಟಾ ಓದುವ ಹೆಡ್ ಅಲ್ಲಿಗೆ ಸರಿಯಬೇಕು, ಪ್ಲೇಟ್ ತಿರುಗಿ ಆ ಜಾಗ ಕೆಳಗೆ ಬರಬೇಕು. ಮೂರು ನಾಲ್ಕು ಲೇಯರ್ ಇಟ್ಟರೆ ಈ ಓಡಾಟ ಜಾಸ್ತಿಯಾಗಿ ವಿಡಿಯೋ ತಡವರಿಸುತ್ತದೆ. ಎಸ್‌ಎಸ್‌ಡಿಯಲ್ಲಿ ಸರಿಯುವ ಭಾಗವೇ ಇಲ್ಲ. ಹಾರ್ಡ್ ಡಿಸ್ಕಿನಲ್ಲೇ ಎಡಿಟ್ ಮಾಡುವುದಾದರೆ 7200 ಆರ್‌ಪಿಎಂನದ್ದು (ನಿಮಿಷಕ್ಕೆ 7200 ಸುತ್ತು) ತಗೊಳ್ಳಿ, ಅದು ಸಿಎಂಆರ್ ಆಗಿರಲಿ, ಅಂದ್ರೆ ಡೇಟಾ ಬರೆಯುವ ಟ್ರ್ಯಾಕ್‌ಗಳು ಒಂದರ ಪಕ್ಕ ಒಂದು ಇರುವ ಬಗೆ. ಎಸ್‌ಎಂಆರ್ ಅನ್ನೋ ಬಗೆಯಲ್ಲಿ ಟ್ರ್ಯಾಕ್‌ಗಳು ಹಂಚಿನ ಹಾಗೆ ಒಂದರ ಮೇಲೊಂದು ಏರಿರುತ್ತವೆ. ಒಂದನ್ನು ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಕಾಪಿ ಇಡೋಕೆ ಅದು ಪರವಾಗಿಲ್ಲ, ದಿನವಿಡೀ ಬರೆದು ಅಳಿಸೋಕೆ ಬೇಡ.

ಒಂದು ಮಾತು. 4ಕೆ ವಿಡಿಯೋ ತಡವರಿಸಿದರೆ ಎಲ್ಲ ಸಲವೂ ಡಿಸ್ಕಿನ ತಪ್ಪಲ್ಲ. ಎಚ್.265ನಂಥ, ತುಂಬಾ ಒತ್ತಿ ಚಿಕ್ಕದು ಮಾಡಿದ ಫೈಲನ್ನು ಬಿಡಿಸೋದು ಪ್ರೊಸೆಸರ್ ಅಥವಾ ಗ್ರಾಫಿಕ್ಸ್ ಚಿಪ್‌ನ ಕೆಲಸ. ಅಲ್ಲಿ ಪ್ರಾಕ್ಸಿ ಫೈಲ್ (ಎಡಿಟ್ ಮಾಡುವಾಗ ಬಳಸುವ ಹಗುರವಾದ ನಕಲು) ಮಾಡಿಕೊಂಡರೆ ಗೆದ್ದಿರಿ. ಸುಮ್ನೆ ಹೊಸ ಡಿಸ್ಕ್ ತರಬೇಡಿ.

ಇನ್ನೂ ಒಂದು ಕೇಳಿದ್ದೀರಿ. ಗೆಳೆಯರ ಎಕ್ಸ್‌ಟರ್ನಲ್ ಡಿಸ್ಕಿಗೆ ಇಳಿಸಲು ಹೋದರೆ 19 ನಿಮಿಷಕ್ಕೆ ಸರಿಯಾಗಿ ನಿಂತುಹೋಗುತ್ತದೆ, ಯಾಕೆ ಅಂತ. ಆ ಡಿಸ್ಕ್ ಫ್ಯಾಟ್32 ಅನ್ನೋ, ಫೈಲ್ ಜೋಡಿಸಿಡುವ ಹಳೇ ವಿಧಾನದಲ್ಲಿ ಫಾರ್ಮ್ಯಾಟ್ ಆಗಿರಬೇಕು. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಡಿವಿಯ 4 ಜಿಬಿ ಅಂದ್ರೆ ಹತ್ತಿರ ಹತ್ತಿರ 19 ನಿಮಿಷವೇ. ವಿಂಡೋಸ್ ಮಾತ್ರ ಬಳಸುವುದಾದರೆ ಎನ್‌ಟಿಎಫ್‌ಎಸ್, ಮ್ಯಾಕ್‌ನಲ್ಲೂ ಬೇಕಾದರೆ ಎಕ್ಸ್‌ಫ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಗೆಳೆಯರನ್ನು ಕೇಳಿಯೇ ಮಾಡಿ.

ಎಡಿಟ್ ಮುಗಿದ ಮೇಲೆ ಎಸ್‌ಎಸ್‌ಡಿಯನ್ನೇ ಬೀರುವಿನಲ್ಲಿ ಇಡಬೇಡಿ. ಕರೆಂಟಿಲ್ಲದೆ ವರ್ಷಗಟ್ಟಲೆ ಇದ್ದರೆ ಅದರಲ್ಲಿನ ಡೇಟಾ ಹಾಳಾಗಬಹುದು. ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಒಂದನ್ನು ಬೇರೆ ಮನೆಯಲ್ಲಿ, ಅಕ್ಕನೋ ತಮ್ಮನೋ ಇದ್ದರೆ ಅವರ ಹತ್ತಿರ ಇಡಿ. ವರ್ಷಕ್ಕೊಮ್ಮೆ ಜೋಡಿಸಿ ನಾಲ್ಕೈದು ಫೈಲ್ ಓಡಿಸಿ ನೋಡಿ. ಕ್ಯಾಸೆಟ್‌ಗಳನ್ನು ಮಾತ್ರ ಬಿಸಾಡಬೇಡಿ. ಪೂರ್ತಿ ಹಿಂದಕ್ಕೆ ಸುತ್ತಿ, ಡಬ್ಬಿಗೆ ಹಾಕಿ, ತಂಪಾದ ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ.