ಐದಾರು ಕಡೆ ಕೆಲಸ ಮಾಡಿದವರ ಹಳೆಯ ಪಿಎಫ್, ಪಿಂಚಣಿ ಸೇವೆ ಒಟ್ಟುಗೂಡಿಸುವುದು ಹೇಗೆ?

ಗಾರ್ಮೆಂಟ್ಸ್, ಆಮೇಲೆ ಕೊರಿಯರ್, ಈಗ ಆಸ್ಪತ್ರೆ ಸ್ಟೋರ್ಸ್. ಹೀಗೆ ಕೆಲಸ ಬದಲಾದರೂ ಪಿಂಚಣಿಗೆ ಲೆಕ್ಕ ಹಿಡಿಯುವುದು ಒಟ್ಟು ಸೇವೆಯನ್ನು. ಇಪಿಎಸ್-1995ರಲ್ಲಿ (ನೌಕರರ ಪಿಂಚಣಿ ಯೋಜನೆ) 10 ವರ್ಷ ಸೇವೆಯಿದ್ದರೆ 58ನೇ ವಯಸ್ಸಿಗೆ ತಿಂಗಳ ಪಿಂಚಣಿ. ಅಷ್ಟೂ ಒಂದೇ ಕಂಪನಿಯಲ್ಲಿ ಆಗಬೇಕಿಲ್ಲ. 9 ವರ್ಷ 6 ತಿಂಗಳಾಗಿದ್ದರೂ 10 ಅಂತಲೇ ಲೆಕ್ಕ.

ಇಪಿಎಫ್‌ಒ (ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಸದಸ್ಯರ ಪೋರ್ಟಲ್‌ಗೆ ಯುಎಎನ್ (ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸದಸ್ಯ ಸಂಖ್ಯೆ) ಹಾಕಿ ಒಳಹೋಗಿ 'ಸರ್ವಿಸ್ ಹಿಸ್ಟರಿ' ನೋಡಿ. ಯುಎಎನ್ ಬಂದದ್ದೇ 2014ರಲ್ಲಿ, ಹಾಗಾಗಿ ಅದಕ್ಕೂ ಹಿಂದಿನ ಖಾತೆ ಅಲ್ಲಿ ಕಾಣದಿರಬಹುದು. ಹಳೆಯ ಸಂಬಳದ ಚೀಟಿಯಲ್ಲಿ ಪಿಎಫ್ ನಂಬರ್ ಸಿಗುತ್ತದೆ. ಅದನ್ನು ಹಿಡಿದು ಫಾರಂ 13ರ ಮೂಲಕ ಈಗಿನ ಖಾತೆಗೆ ವರ್ಗಾಯಿಸಿ.

ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಸಣ್ಣ ಕಾರಣಕ್ಕೆ: ಆಧಾರ್‌ನಲ್ಲಿ ಇನಿಷಿಯಲ್ ಒಂದು ಥರ, ಪಿಎಫ್‌ನಲ್ಲಿ ಇನ್ನೊಂದು ಥರ, ಇಲ್ಲವೇ ಹಳೆಯ ಕಂಪನಿ ಬಿಟ್ಟ ದಿನಾಂಕವೇ ಖಾಲಿ. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಆ ದಿನಾಂಕವನ್ನು 'ಮಾರ್ಕ್ ಎಕ್ಸಿಟ್'ನಲ್ಲಿ ನೀವೇ ತುಂಬಬಹುದು. ಒಂದು ಕಡೆ ಬಿಟ್ಟ ದಿನಕ್ಕಿಂತ ಮೊದಲೇ ಇನ್ನೊಂದು ಕಡೆ ಸೇರಿದಂತೆ ದಾಖಲೆಯಿದ್ದರೂ ತಕರಾರು ಬರಬಹುದು.

ಕೆಲಸ ಬಿಟ್ಟಾಗಲೆಲ್ಲ ಫಾರಂ 10ಸಿ ಹಾಕಿ ಪಿಂಚಣಿ ಹಣ ಎತ್ತುವುದು ನನ್ನ ಪ್ರಕಾರ ದೊಡ್ಡ ನಷ್ಟ, ಅಷ್ಟು ವರ್ಷದ ಸೇವೆಯೇ ಅಳಿಸಿಹೋಗುತ್ತದೆ. ಅದೇ ಫಾರಂನಲ್ಲಿ 'ಸ್ಕೀಮ್ ಸರ್ಟಿಫಿಕೇಟ್' (ಅಲ್ಲಿಯವರೆಗಿನ ಸೇವೆಯ ಪ್ರಮಾಣಪತ್ರ) ಕೇಳಿದರೆ ಸೇವೆ ಉಳಿಯುತ್ತದೆ. ತಿಂಗಳ ಪಿಂಚಣಿ ಲೆಕ್ಕದ ಸೂತ್ರ: ಕೊನೆಯ 60 ತಿಂಗಳ ಸರಾಸರಿ ಸಂಬಳ × ಸೇವಾ ವರ್ಷ ÷ 70. ಸಂಬಳ 15,000, ಸೇವೆ 14 ವರ್ಷವಾದರೆ ತಿಂಗಳಿಗೆ 3,000 ರೂಪಾಯಿ.