ಗೊಬ್ಬರದ ಉಪ್ಪಿನ ಬ್ಯಾಟರಿಗೆ ತೊಡಕು ಎಲ್ಲಿದೆ?

ಪ್ರಶ್ನೆ: ಹೊಲಕ್ಕೆ ಹಾಕುವ ಅಮೋನಿಯಂ ಸಲ್ಫೇಟನ್ನು ನೀರಿನಲ್ಲಿ ಕರಗಿಸಿ ಬ್ಯಾಟರಿ ಮಾಡಬಹುದೆಂದು ಓದಿದೆ. ಹಾಗಿದ್ದರೆ ಪಾವಗಡದ ಸೌರ ಪಾರ್ಕಿನಲ್ಲಿ ಹಗಲು ಹುಟ್ಟುವ ವಿದ್ಯುತ್ತನ್ನು ರಾತ್ರಿಗೆ ಕೂಡಿಡಲು ಇದನ್ನೇಕೆ ಬಳಸುತ್ತಿಲ್ಲ?
— ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ನೀವು ಓದಿರುವುದು ನಿಜ. ಆ ದ್ರಾವಣ ಅಗ್ಗವಾದದ್ದು, ಹೊತ್ತಿ ಉರಿಯುವಂಥದ್ದೂ ಅಲ್ಲ. ಉಪ್ಪು ಕರಗಿದಾಗ ಬಿಡಿಯಾಗುವ ವಿದ್ಯುದಾವೇಶದ ಕಣ, ಅಂದರೆ ಅಮೋನಿಯಂ ಅಯಾನು, ಹಗುರ. ಸುತ್ತಲೂ ನೀರಿನ ಅಣುಗಳನ್ನು ಹೊದ್ದುಕೊಂಡಾಗ ಅದು ಲಿಥಿಯಂ, ಸೋಡಿಯಂ ಅಯಾನುಗಳಿಗಿಂತ ಚಿಕ್ಕದಾಗಿರುವುದರಿಂದ ದ್ರಾವಣದಲ್ಲಿ ಚುರುಕಾಗಿ ಸಾಗುತ್ತದೆ. ತೊಡಕಿರುವುದು ಆ ಅಯಾನುಗಳಿಗೆ ನೆಲೆ ಕೊಡಬೇಕಾದ ವಿದ್ಯುದಗ್ರಗಳಲ್ಲಿ, ಅಂದರೆ ಎಲೆಕ್ಟ್ರೋಡುಗಳಲ್ಲಿ.

2017ರಲ್ಲಿ ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಶಿಯುಲೈ ಜಿ ಅವರ ತಂಡವು ಎರಡೂ ಬದಿಯಲ್ಲಿ ಅಮೋನಿಯಂ ಅಯಾನೇ ಹೋಗಿಬರುವ ಬ್ಯಾಟರಿಯೊಂದನ್ನು ತೋರಿಸಿತು. ಸಕ್ರಿಯ ವಸ್ತುಗಳ ತೂಕವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಅದರ ಶಕ್ತಿ ಕಿಲೋಗ್ರಾಮಿಗೆ ಸುಮಾರು 43 ವ್ಯಾಟ್-ಗಂಟೆ. ಪರೀಕ್ಷೆ ನಡೆದದ್ದು 1,000 ಆವರ್ತಗಳವರೆಗೆ (ಒಮ್ಮೆ ತುಂಬಿ ಬರಿದು ಮಾಡಿದರೆ ಒಂದು ಆವರ್ತ). ಸೌರ ವಿದ್ಯುತ್ತಿಗಾಗಿ ದಿನಕ್ಕೊಮ್ಮೆ ತುಂಬಿ ಬರಿದು ಮಾಡುವ ಬ್ಯಾಟರಿ 15 ವರ್ಷ ಬಾಳಬೇಕಾದರೆ ಸುಮಾರು 5,500 ಆವರ್ತಗಳನ್ನು ತಾಳಬೇಕು. ನೆಲದ ಮೇಲೆ ಕೂರುವ ಬ್ಯಾಟರಿ ಭಾರವಾಗಿದ್ದರೆ ನಡೆದೀತು, ಬೇಗ ಸವೆದರೆ ನಡೆಯದು.

ಆ ಬ್ಯಾಟರಿಯ ಧನ ವಿದ್ಯುದಗ್ರವು ಪ್ರಷ್ಯನ್ ನೀಲಿ ಎಂಬ ಹಳೆಯ ಬಣ್ಣದ ಬಳಗಕ್ಕೆ ಸೇರಿದ ನಿಕಲ್ ಸಂಯುಕ್ತ. ಅದರ ಹರಳಿನ ಪಂಜರದಂಥ ರಚನೆಯೊಳಗೆ ಅಯಾನುಗಳು ಸಲೀಸಾಗಿ ನುಸುಳುತ್ತವೆ, ಆದರೆ ಎಲೆಕ್ಟ್ರಾನು ಪಡೆದು ಕೊಡುವ ಕೆಲಸವನ್ನು ಕಬ್ಬಿಣವೊಂದೇ ಮಾಡುವುದರಿಂದ ಧಾರಣಶಕ್ತಿ, ಅಂದರೆ ಅದು ಕೂಡಿಡಬಲ್ಲ ವಿದ್ಯುದಾವೇಶ, ಗ್ರಾಮಿಗೆ ಸುಮಾರು 60 ಮಿಲಿಆಂಪಿಯರ್-ಗಂಟೆಗೆ ನಿಲ್ಲುತ್ತದೆ. ನಿಕಲ್ಲಿನ ಬದಲು ಮ್ಯಾಂಗನೀಸ್ ಸೇರಿಸಿದರೆ ಅದೂ ಕೆಲಸಕ್ಕಿಳಿದು ಧಾರಣಶಕ್ತಿ ಹೆಚ್ಚುತ್ತದೆ. ಆದರೆ ಪಂಜರ ಸೊಟ್ಟಗಾಗಿ ಮ್ಯಾಂಗನೀಸ್ ನೀರಿಗೆ ಸೋರತೊಡಗುತ್ತದೆ. ಅದಕ್ಕಾಗಿಯೇ ಎರಡನ್ನೂ ಹದವಾಗಿ ಬೆರೆಸುವ ಪ್ರಯತ್ನಗಳು ನಡೆದಿವೆ. ಸಿಟ್ರೇಟ್ ಸೇರಿಸಿ ಹರಳನ್ನು ನಿಧಾನವಾಗಿ ಬೆಳೆಸುವುದು ಇನ್ನೊಂದು ದಾರಿ. ಅವಸರದಲ್ಲಿ ಬೆಳೆದ ಹರಳಿನಲ್ಲಿ ಖಾಲಿ ಜಾಗಗಳು ಉಳಿದು ಅವುಗಳಲ್ಲಿ ನೀರು ಸೇರಿಕೊಳ್ಳುತ್ತದೆ.

ಋಣ ವಿದ್ಯುದಗ್ರದ ಕಷ್ಟ ಇದಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಸುಮಾರು 1.23 ವೋಲ್ಟ್ ದಾಟಿದರೆ ನೀರೇ ಒಡೆಯಬಹುದಾದ್ದರಿಂದ ಆಯ್ಕೆಗೆ ಉಳಿಯುವ ವಸ್ತುಗಳು ಕಡಿಮೆ. ಪದರ ಪದರವಾಗಿರುವ ವನೇಡಿಯಂ ಆಕ್ಸೈಡಿನಲ್ಲಿ ಅಮೋನಿಯಂ ಅಯಾನು ಹೈಡ್ರೋಜನ್ ಬಂಧಗಳನ್ನು ಕಟ್ಟುತ್ತ ಬಿಡುತ್ತ ಮುಂದೆ ಸರಿಯುತ್ತದೆ. ಪದರಗಳ ನಡುವೆ ಪಾಲಿಅನಿಲೀನ್ ಎಂಬ ವಿದ್ಯುತ್ ಹರಿಸುವ ಪಾಲಿಮರನ್ನು ತೂರಿಸಿ ದಾರಿಯನ್ನು ಅಗಲ ಮಾಡಲೂಬಹುದು. ಆದರೆ ವನೇಡಿಯಂ ಕೂಡ ನೀರಿನಲ್ಲಿ ಮೆಲ್ಲಗೆ ಕರಗುತ್ತದೆ. ಉಪ್ಪನ್ನು ಬಹಳ ಸಾಂದ್ರವಾಗಿ ಕರಗಿಸಿದರೆ ಬಿಡಿ ನೀರು ಕಡಿಮೆಯಾಗಿ ಈ ಕರಗುವಿಕೆ ತಗ್ಗುತ್ತದೆ.

ಇಂಥ ಬ್ಯಾಟರಿ ಸಾವಿರಾರು ಆವರ್ತ ತಾಳಿತೆಂಬ ಸುದ್ದಿ ಓದಿದಾಗ, ಒಂದೊಂದು ಆವರ್ತಕ್ಕೆ ಎಷ್ಟು ಹೊತ್ತು ಹಿಡಿಯಿತೆಂಬುದನ್ನೂ ದಯವಿಟ್ಟು ಗಮನಿಸಿ. ನಿಮಿಷಗಳಲ್ಲಿ ತುಂಬಿ ಬರಿದಾಗುವ ಪರೀಕ್ಷೆಯಲ್ಲಿ ವಸ್ತು ನೀರಿನಲ್ಲಿ ನೆನೆಯುವುದು ಕೆಲವೇ ದಿನ ಅಥವಾ ವಾರ. ಸೌರ ಪಾರ್ಕಿನಲ್ಲಿ ಅದು ವರ್ಷಗಟ್ಟಲೆ ನೆನೆಯಬೇಕು.